ಕಾರಿನ ನೆಗ್ಗಿಗೆ ಪುಟ್ಟಿ: ಕಲಬುರಗಿಯ ಬಿಸಿಲಿನಲ್ಲಿ ಮನೆಯಲ್ಲೇ ಮಾಡುವ ಬಗೆ

ತೊಗರಿ ಸುಗ್ಗಿಯ ದಿನಗಳಲ್ಲಿ ಕಲಬುರಗಿಯ ಎಪಿಎಂಸಿ ಸುತ್ತಮುತ್ತ ಕಾರು ನಿಲ್ಲಿಸಿದರೆ ಟ್ರ್ಯಾಕ್ಟರ್ ಟ್ರಾಲಿಯ ಮೂಲೆ ಎಲ್ಲಿ ತಾಗೀತೆಂದು ಹೇಳಲಾಗದು. ನನ್ನ ಕಾರಿನ ಹಿಂಬದಿಯ ಎಡಬಾಗಿಲಿಗೆ ಹಾಗೆಯೇ ಅಂಗೈ ಅಗಲದ ನೆಗ್ಗು ಬಿದ್ದು, ನಡುವೆ ಬಣ್ಣ ಎದ್ದು ತಗಡು ಕಾಣುತ್ತಿತ್ತು. ಇಷ್ಟು ಸಣ್ಣ ಕೆಲಸಕ್ಕೆ ವಿಮೆಯ ಕ್ಲೇಮ್ ಮಾಡಿದರೆ, ಮೊದಲ ವರ್ಷ 20 ಪ್ರತಿಶತದಿಂದ ಆರಂಭವಾಗಿ ಕ್ಲೇಮ್ ಇಲ್ಲದ ಐದು ವರ್ಷಗಳ ನಂತರ 50 ಪ್ರತಿಶತಕ್ಕೆ ಏರುವ ನೋ ಕ್ಲೇಮ್ ಬೋನಸ್, ಅಂದರೆ ವಿಮೆಯ ಕಂತಿನಲ್ಲಿ ಸಿಗುವ ರಿಯಾಯಿತಿ, ಕೈತಪ್ಪುತ್ತದೆ. ಹಾಗಾಗಿ ಎರಡು ಭಾನುವಾರಗಳ ಬೆಳಗಿನ ಹೊತ್ತನ್ನು ಕೊಟ್ಟು ನಾನೇ ಸರಿಪಡಿಸಿದೆ. ಮೊದಲ ಪ್ರಯತ್ನ ಕೆಟ್ಟದ್ದರಿಂದ ಕಲಿತದ್ದೂ ಇಲ್ಲಿದೆ.

ಎಲ್ಲ ನೆಗ್ಗುಗಳೂ ಮನೆಯ ಕೆಲಸಕ್ಕೆ ಒದಗುವುದಿಲ್ಲ. ಬಾಗಿಲು, ಫೆಂಡರ್, ಡಿಕ್ಕಿಯ ಮುಚ್ಚಳದ ಉಕ್ಕಿನ ತಗಡಿನಲ್ಲಿ ಬಿದ್ದ ಸಣ್ಣ ನೆಗ್ಗು ಸರಿ. ಬಾಗಿಲ ನಡುವಿನ ಕಂಬ, ಬಾಗಿಲ ಕೆಳಗಿನ ಚೌಕಟ್ಟು ಇವು ಅಪಘಾತದಲ್ಲಿ ಒಳಗಿದ್ದವರನ್ನು ಕಾಯುವ ಭಾಗಗಳು. ಅಲ್ಲಿ ಬಾಗು ಬಂದರೆ ವರ್ಕ್‌ಶಾಪಿಗೇ ಒಯ್ಯಬೇಕು. ಜಂಗು ತಿಂದು ತೂತು ಬಿದ್ದ ತಗಡಿನ ಮೇಲೆ ಪುಟ್ಟಿ ಹಚ್ಚುವುದು ವ್ಯರ್ಥ, ಏಕೆಂದರೆ ಹಿಂಬದಿಯಿಂದ ಬರುವ ತೇವ ಅದನ್ನು ಎಬ್ಬಿಸಿಬಿಡುತ್ತದೆ. ಪ್ಲಾಸ್ಟಿಕ್ ಬಂಪರಿಗೆ ಬಾಗುವ ಗುಣದ ಬೇರೆಯೇ ಪುಟ್ಟಿ ಬೇಕು.

ನಾನು ಒತ್ತಿ ಹೇಳಬೇಕಾದ ಮಾತು ಒಂದಿದೆ. ಪುಟ್ಟಿಯಿಂದ ತಗ್ಗು ತುಂಬಲು ಹೋಗಬಾರದು. ತಗಡನ್ನು ಆದಷ್ಟು ಅದರ ಮೂಲ ಆಕಾರಕ್ಕೆ ತಂದು, ಉಳಿದ ಏರುಪೇರನ್ನಷ್ಟೇ ಪುಟ್ಟಿಯಿಂದ ಸಮ ಮಾಡಬೇಕು. ಉಜ್ಜಿದ ಮೇಲೆ ಉಳಿಯುವ ಪುಟ್ಟಿಯ ದಪ್ಪ 3 ಮಿಲಿಮೀಟರ್ ಮೀರದಿದ್ದರೆ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಬಿಸಿಲಿಗೆ ನಿಂತ ಕಾರಿನ ತಗಡು ಮುಟ್ಟಲಾಗದಷ್ಟು ಕಾದು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಪುಟ್ಟಿ ತಗಡಿನಷ್ಟೇ ಹಿಗ್ಗಿ ಕುಗ್ಗುವುದಿಲ್ಲವಾದ್ದರಿಂದ, ದಪ್ಪನಾಗಿ ಮೆತ್ತಿದ ಜಾಗದಲ್ಲಿ ಒಂದೆರಡು ಬೇಸಿಗೆಯೊಳಗೆ ಬಿರುಕು ಬರುತ್ತದೆ ಇಲ್ಲವೇ ಅಂಚು ಏಳುತ್ತದೆ.

ಹೀಗಾಗಿ ಹೆಚ್ಚಿನ ಸಮಯವನ್ನು ತಗಡಿನ ಕೆಲಸಕ್ಕೆ ಕೊಡಬೇಕು. ಬ್ಯಾಟರಿಯ ಸಂಪರ್ಕ ತೆಗೆದು, ಬಾಗಿಲ ಒಳಹೊದಿಕೆಯನ್ನು ಬಿಚ್ಚಿ, ನೆಗ್ಗಿನ ಹಿಂಬದಿಗೆ ಕೈ ಹೋಗುತ್ತದೆಯೇ ನೋಡಬೇಕು. ಹೋದರೆ, ಅಂಚು ದುಂಡಗೆ ಮಾಡಿದ ಮರದ ತುಂಡನ್ನು ಒಳಗಿನಿಂದ ಆನಿಸಿ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ನೆಗ್ಗಿನ ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿನ ಕಡೆಗೆ ಬರಬೇಕು. ನಡುವಿಗೇ ಜೋರಾಗಿ ಹೊಡೆದರೆ ತಗಡು ಎಳೆದುಕೊಂಡು ಉಬ್ಬುತ್ತದೆ, ಉಬ್ಬಿದ್ದನ್ನು ಇಳಿಸುವುದು ತಗ್ಗನ್ನು ಎತ್ತುವುದಕ್ಕಿಂತ ಕಷ್ಟ. ಕಣ್ಣಿಗಿಂತ ಅಂಗೈಯನ್ನು ನಂಬಬೇಕು. ತೆಳ್ಳನೆಯ ಹತ್ತಿ ಬಟ್ಟೆಯನ್ನು ಕೈಯಡಿ ಇಟ್ಟುಕೊಂಡು ನೆಗ್ಗಿನ ಹೊರಗಿನಿಂದ ಉದ್ದಕ್ಕೆ ಸವರುತ್ತಾ ಬಂದರೆ, ಕಣ್ಣಿಗೆ ಕಾಣದ ಏರಿಳಿತವೂ ಬೆರಳಿಗೆ ತಿಳಿಯುತ್ತದೆ. ಸುತ್ತಲಿನ ಮಟ್ಟಕ್ಕಿಂತ ಏರಿದ ಜಾಗ ಒಂದೂ ಉಳಿಯಬಾರದು, ಪುಟ್ಟಿ ಅದನ್ನು ಮುಚ್ಚಲಾರದು.

ಅನಂತರ ಆ ಭಾಗವನ್ನು ಸೋಪಿನ ನೀರಿನಿಂದ ತೊಳೆದು, ಒಣಗಿಸಿ, ಥಿನ್ನರ್ ತೋಯಿಸಿದ ಶುಭ್ರ ಬಟ್ಟೆಯಿಂದ ಒರೆಸಬೇಕು. ಈ ಒರೆಸುವಿಕೆ ಉಜ್ಜುವುದಕ್ಕಿಂತ ಮೊದಲೇ ಆಗಬೇಕು. ಇಲ್ಲದಿದ್ದರೆ ಮೇಣ, ಎಣ್ಣೆಯ ಅಂಶ ಗೀರುಗಳೊಳಗೆ ಸೇರಿಕೊಳ್ಳುತ್ತದೆ. 80 ನಂಬರಿನ ಸ್ಯಾಂಡ್ ಪೇಪರಿನಿಂದ ನೆಗ್ಗು ಮತ್ತು ಅದರ ಸುತ್ತ ನಾಲ್ಕು ಬೆರಳಿನಷ್ಟು ಜಾಗದ ಬಣ್ಣವನ್ನು ತೆಗೆದು, ಹೊಳೆಯುವ ತಗಡು ಕಾಣುವಂತೆ ಮಾಡಬೇಕು. ಹಳೆಯ ಬಣ್ಣದ ಅಂಚು ಮೆಟ್ಟಿಲಿನಂತೆ ಉಳಿಯದೆ ಇಳಿಜಾರಾಗಬೇಕು. ಜಂಗಿನ ಕಪ್ಪು ಚುಕ್ಕೆ ಒಂದೂ ಉಳಿಯದಂತೆ ನೋಡಿಕೊಳ್ಳಬೇಕು.

ಗೋಡೆಗೆ ಹಚ್ಚುವ ಪುಟ್ಟಿ ಇಲ್ಲಿ ನಡೆಯುವುದಿಲ್ಲ. ಆಟೋಮೊಬೈಲ್ ಪೇಂಟ್ ಅಂಗಡಿಯಲ್ಲಿ ಡಬ್ಬಿಯ ಜೊತೆಗೆ ಪುಟ್ಟಿಯನ್ನು ಗಟ್ಟಿಯಾಗಿಸುವ ಸಣ್ಣ ಹಾರ್ಡ್‌ನರ್ ಟ್ಯೂಬು ಕೊಡುವ ಪಾಲಿಯೆಸ್ಟರ್ ಪುಟ್ಟಿಯನ್ನು ಕೇಳಿ ತರಬೇಕು. ಡಬ್ಬಿಯಲ್ಲಿ ಮೇಲೆ ತೇಲಿದ ಅಂಟುದ್ರವವನ್ನು ಮೊದಲು ಪೂರ್ತಿ ಕಲಸಿಕೊಳ್ಳಬೇಕು. 100 ಗ್ರಾಂ ಪುಟ್ಟಿಗೆ ಸುಮಾರು 2 ಗ್ರಾಂ ಹಾರ್ಡ್‌ನರ್ ಎಂಬುದು ಸಾಮಾನ್ಯ ಅಳತೆ. ಡಬ್ಬಿಯ ಮೇಲೆ ಬರೆದಿದ್ದರೆ ಅದೇ ಕೊನೆಯ ಮಾತು.

ನನ್ನ ಮೊದಲ ಪ್ರಯತ್ನ ಕೆಟ್ಟದ್ದು ಇಲ್ಲಿಯೇ. ಬೇಗ ಗಟ್ಟಿಯಾಗಲಿ ಎಂದು ಹಾರ್ಡ್‌ನರನ್ನು ಕೈಬಿಚ್ಚಿ ಹಾಕಿ, ಏಪ್ರಿಲ್ ತಿಂಗಳ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಒಂದು ಬಟ್ಟಲಿನಷ್ಟು ಪುಟ್ಟಿ ಕಲಸಿದೆ. ಪುಟ್ಟಿ ಹಚ್ಚುವ ಚಪ್ಪಟೆ ಬ್ಲೇಡನ್ನು ಎರಡನೆಯ ಸಲ ಎಳೆಯುವಷ್ಟರಲ್ಲಿ ಪುಟ್ಟಿ ಬಿಸಿಯಾಗಿ, ಒಡೆದ ಹಾಲಿನಂತೆ ಗಂಟುಗಂಟಾಗಿ ಕಿತ್ತುಬರತೊಡಗಿತು. ಹಾರ್ಡ್‌ನರ್ ಹೆಚ್ಚಾದರೆ ಇನ್ನೊಂದು ತೊಂದರೆಯೂ ಇದೆ: ಅದರಲ್ಲಿರುವ ಪೆರಾಕ್ಸೈಡ್ ಮೇಲಿನ ಬಣ್ಣಕ್ಕೆ ಹತ್ತಿ ಕಲೆಯಾಗಿ ಮೂಡುತ್ತದೆ. ಬಿಸಿಲಿಗೆ ಹೆದರಿ ತೀರಾ ಕಡಿಮೆ ಹಾಕಿದರೆ ಪುಟ್ಟಿ ಒಳಗೆ ಮೆತ್ತಗೇ ಉಳಿಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಅಳತೆಯನ್ನು ಬದಲಿಸದೆ ಹೊತ್ತನ್ನು ಬದಲಿಸಬೇಕು: ಬೆಳಿಗ್ಗೆ ಆರರಿಂದ ಎಂಟೂವರೆಯೊಳಗೆ, ನೆರಳಿನಲ್ಲಿ, ತಗಡು ಕೈಗೆ ತಂಪಾಗಿರುವಾಗ, ಒಂದು ಸಲಕ್ಕೆ ನಿಂಬೆಹಣ್ಣಿನ ಗಾತ್ರದಷ್ಟನ್ನು ಮಾತ್ರ ಕಲಸಬೇಕು. ತಂಪು ಹೊತ್ತಿನಲ್ಲಿಯೂ ಕೈಗೆ ಸಿಗುವುದು ನಾಲ್ಕೈದು ನಿಮಿಷ.

ಕಲಸುವುದಕ್ಕೆ ನಮ್ಮ ಮನೆಗಳ ಶಹಾಬಾದ್ ಫರಸಿ ಕೈಗೆ ಸಿಗುತ್ತದೆಯಾದರೂ ಅದರ ಒರಟು ಮೈಗೆ ಪುಟ್ಟಿ ಕಚ್ಚಿಕೊಳ್ಳುತ್ತದೆ. ನುಣುಪಾದ ಟೈಲ್ಸ್ ಅಥವಾ ಗಾಜಿನ ತುಂಡು ಉತ್ತಮ. ಬ್ಲೇಡಿನಿಂದ ಮಡಚಿ ಒತ್ತಿ, ಮಡಚಿ ಒತ್ತಿ ಕಲಸಬೇಕು. ಗರಗರ ತಿರುಗಿಸಿದರೆ ಗಾಳಿ ಸೇರಿ, ಉಜ್ಜುವಾಗ ಸೂಜಿಮೊನೆಯಷ್ಟು ತೂತುಗಳು ಏಳುತ್ತವೆ. ಬಣ್ಣದ ಗೆರೆ ಒಂದೂ ಕಾಣದೆ ಎಲ್ಲ ಒಂದೇ ಬಣ್ಣವಾದಾಗ ಕಲಸಿದ್ದು ಸಾಕು. ಮಿಕ್ಕದ್ದನ್ನು ಡಬ್ಬಿಗೆ ಮರಳಿ ಹಾಕಬಾರದು.

ಮೊದಲ ಪದರವನ್ನು ತೀರಾ ತೆಳ್ಳಗೆ, ತಗಡಿನ ಗೀರುಗಳಿಗೆ ತುಂಬಿಕೊಳ್ಳುವಂತೆ ಒತ್ತಿ ಎಳೆಯಬೇಕು. ಅದರ ಮೇಲಿನ ಪದರ ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಏರಿರಲಿ. ಉಗುರಿನಿಂದ ಗೀರಿದಾಗ ಬಿಳಿ ಗೆರೆ ಮೂಡಿದರೆ ಉಜ್ಜಲು ತಯಾರಾಗಿದೆ. ಇದಕ್ಕೆ ಸಾಮಾನ್ಯವಾಗಿ 15 ರಿಂದ 20 ನಿಮಿಷ ಹಿಡಿಯುತ್ತದೆ. ಕಾಗದವನ್ನು ಬೆರಳಿನಲ್ಲಿ ಹಿಡಿದು ಉಜ್ಜಿದರೆ ಬೆರಳಿನ ಗುರುತಿನ ಅಲೆಗಳೇ ಉಳಿಯುತ್ತವೆ. ಚಪ್ಪಟೆ ಮರದ ತುಂಡಿಗೆ ಸುತ್ತಿ, ಒಮ್ಮೆ ಎಡಕ್ಕೆ ಓರೆಯಾಗಿ ಒಮ್ಮೆ ಬಲಕ್ಕೆ ಓರೆಯಾಗಿ, 80ರಿಂದ ಆರಂಭಿಸಿ 120, 180, 240ರವರೆಗೆ ಬರಬೇಕು. ಪುಟ್ಟಿ ನೀರನ್ನು ಹೀರಿಕೊಂಡು ಅಡಿಯ ತಗಡಿಗೆ ಜಂಗು ತರಿಸುವುದರಿಂದ ಈ ಹಂತದಲ್ಲಿ ನೀರು ತಾಗಿಸದೆ ಒಣಗಿದಂತೆಯೇ ಉಜ್ಜಬೇಕು. ದೂಳು ಬಹಳ ನುಣುಪಾಗಿ ಏಳುತ್ತದೆ. ಮಾಸ್ಕ್ ಮತ್ತು ಕನ್ನಡಕ ಹಾಕದೆ ಮಾಡಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಸಮವಾಯಿತೇ ಎಂಬುದಕ್ಕೆ ಒಂದು ಒಳ್ಳೆಯ ಪರೀಕ್ಷೆಯಿದೆ. ಕಪ್ಪು ಸ್ಪ್ರೇಯನ್ನು ದೂರದಿಂದ ಮಂಜಿನಂತೆ ಚಿಮುಕಿಸಿ, ಒಣಗಿದ ಮೇಲೆ ಮರದ ತುಂಡಿನಿಂದ ಎರಡು ಸಲ ಉಜ್ಜಬೇಕು. ಕಪ್ಪು ಉಳಿದಲ್ಲಿ ಇನ್ನೂ ತಗ್ಗಿದೆ, ತಕ್ಷಣ ತಗಡು ಹೊಳೆದಲ್ಲಿ ಏರಿದೆ. ತಗ್ಗಿಗೆ ಮತ್ತೊಂದು ತೆಳು ಪದರ ಹಚ್ಚಬೇಕು. ನನಗೆ ಮೂರು ಸಲ ಹಚ್ಚಬೇಕಾಯಿತು, ಅದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ.

ಮುಂದಿನದು ಸರಳ. ಬಣ್ಣಕ್ಕೆ ಅಡಿಲೇಪವಾಗುವ ಸ್ಪ್ರೇ ಡಬ್ಬಿಯ ಪ್ರೈಮರನ್ನು 25 ಸೆಂಟಿಮೀಟರ್ ದೂರದಿಂದ ಎರಡು ಮೂರು ತೆಳು ಪದರವಾಗಿ, ನಡುವೆ ಹತ್ತು ನಿಮಿಷ ಬಿಟ್ಟು ಹೊಡೆಯಬೇಕು. ಹಾರ್ಡ್‌ನರ್ ಬೆರೆಸುವ ಟುಕೆ (2K) ಪ್ರೈಮರಿನ ಆವಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ಮನೆಯಂಗಳದಲ್ಲಿ ಅದರ ಸಹವಾಸ ಬೇಡ. ಪ್ರೈಮರ್ ಪೂರ್ತಿ ಒಣಗಿದ ಮೇಲೆ 600 ಅಥವಾ 800 ನಂಬರಿನ ವಾಟರ್ ಪೇಪರಿನಿಂದ ಹಗುರವಾಗಿ ತೀಡಿ, ಕಾರಿನ ಬಣ್ಣದ ಕೋಡ್ ತೋರಿಸಿ ತಂದ ಬಣ್ಣ, ಅದರ ಮೇಲೆ ಕ್ಲಿಯರ್ ಎಂಬ ಪಾರದರ್ಶಕ ಲೇಪ ಹೊಡೆಯಬೇಕು. ಗಾಳಿ ಬೀಸುವ ದಿನ ಈ ಕೆಲಸ ಬೇಡ, ನಮ್ಮ ಕಡೆಯ ಎರೆಮಣ್ಣಿನ ದೂಳು ಹಸಿ ಬಣ್ಣಕ್ಕೆ ಕೂತರೆ ಮತ್ತೆ ತೀಡಬೇಕಾಗುತ್ತದೆ. ಬಿಸಿಲಿಗೆ ಮಾಸಿದ ಹಳೆಯ ಕಾರಿನಲ್ಲಿ, ಅದರಲ್ಲೂ ಮೆಟಾಲಿಕ್ ಬಣ್ಣದಲ್ಲಿ, ಕೋಡ್ ಸರಿಯಿದ್ದರೂ ಸ್ವಲ್ಪ ವ್ಯತ್ಯಾಸ ಕಾಣಿಸುತ್ತದೆ. ಒಂದು ತಿಂಗಳವರೆಗೆ ಆ ಜಾಗಕ್ಕೆ ಮೇಣದ ಪಾಲಿಶ್ ಹಚ್ಚಬಾರದು.

ಒಳಹೊದಿಕೆಯನ್ನು ಕೂಡಿಸುವ ಮುನ್ನ ಬಾಗಿಲ ಒಳಮೈಯನ್ನು ಟಾರ್ಚ್ ಹಾಕಿ ನೋಡಬೇಕು. ತಟ್ಟಿದ ಜಾಗದಲ್ಲಿ ಒಳಗಿನ ಬಣ್ಣವೂ ಬಿರಿದಿರುತ್ತದೆ. ಅಲ್ಲಿಗೂ ಪ್ರೈಮರ್ ಹೊಡೆದು, ಬಾಗಿಲ ತಳದಲ್ಲಿ ಮಳೆನೀರು ಹರಿದುಹೋಗಲು ಬಿಟ್ಟಿರುವ ಸಣ್ಣ ತೂತುಗಳಲ್ಲಿ ಪುಟ್ಟಿಯ ದೂಳು ಕಟ್ಟಿಕೊಂಡಿದ್ದರೆ ಕಡ್ಡಿಯಿಂದ ಬಿಡಿಸಿ, ಆಮೇಲೆ ಹೊದಿಕೆಯನ್ನು ಕೂಡಿಸಿ ಬ್ಯಾಟರಿಯನ್ನು ಜೋಡಿಸಬೇಕು.