‘ಏನಿಲ್ಲ’ ಎನ್ನುವ ಮಕ್ಕಳನ್ನು ಮಾತಾಡಿಸುವುದು ಹೇಗೆ?

ಮುಂಬೈ ಸೀಮೆಯ ಡೊಂಬಿವಲಿ, ಮುಲುಂಡ್ ಕಡೆಯ ನಮ್ಮ ಕನ್ನಡಿಗರ ಮನೆಗಳಲ್ಲಿ ಹನ್ನೆರಡು-ಹದಿಮೂರರ ಮಕ್ಕಳನ್ನು ಮಾತಾಡಿಸುವುದೆಂದರೆ ಪೊಲೀಸ್ ಠಾಣೆಯ ವಿಚಾರಣೆಯೇ. ಲೋಕಲ್ ಇಳಿದು ಬಂದ ಅಪ್ಪ ಬೂಟು ಬಿಚ್ಚುತ್ತಲೇ ‘ಇವತ್ತೇನಾಯ್ತು?’ ಎನ್ನುತ್ತಾರೆ. ‘ಏನಿಲ್ಲ.’

ಯುರೋಪು, ಕೆನಡಾಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ 11, 13, 15ರ ಮಕ್ಕಳ ಸಮೀಕ್ಷೆ ನಡೆಯುತ್ತದೆ. ‘0ಯಿಂದ 10ರ ಏಣಿಯಲ್ಲಿ ನಿನ್ನ ಬದುಕು ಎಲ್ಲಿದೆ?’ ಎಂಬುದು ಒಂದು ಪ್ರಶ್ನೆ. ಹೆತ್ತವರ ಹತ್ತಿರ ಕಷ್ಟ ಹೇಳಿಕೊಳ್ಳುವುದು ಸಲೀಸು ಎನ್ನುವ ಮಕ್ಕಳು ಮೇಲಿನ ಮೆಟ್ಟಿಲು ತೋರಿಸುವುದೇ ಹೆಚ್ಚು. ಆ ಸಲಿಗೆ ಅಮ್ಮನಿಗೆ ಸಿಕ್ಕಷ್ಟು ಅಪ್ಪನಿಗೆ ಸಿಗುವುದಿಲ್ಲ.

ಮೊದಲು ಊಟ. ಟೀವಿ ಆರಿಸಿ, ಒಟ್ಟಿಗೆ ಉಣ್ಣಿ, ಅಷ್ಟೆ.

ಎರಡನೆಯದು ಜಾಗ. ಅಜ್ಜಿ, ತಂಗಿ ಎಲ್ಲರೂ ಹಾಲ್‌ನಲ್ಲೇ ಇರುವ ಮನೆಯಲ್ಲಿ ಗುಟ್ಟಿಗೆ ಎಡೆಯಿಲ್ಲ. ಹಾಲು ತರುವ ನೆಪದಲ್ಲಿ ಕೆಳಗೆ ಕರೆದೊಯ್ಯಿರಿ. ಎದುರು ಕೂರಿಸಿದರೆ ಬಿಗಿಯುವ ಬಾಯಿ ಪಕ್ಕದಲ್ಲಿ ನಡೆಯುವಾಗ ಸಡಿಲವಾಗುತ್ತದೆ.

ಮಾತು ಕೆಡುವುದು ಇಲ್ಲಿಂದ ಮುಂದೆ. ಮಗ ‘ನನ್ನನ್ನ ಟೀಮಿಂದ ತೆಗೆದ್ರು’ ಎಂದ ಅನ್ನಿ. ‘ನೀನೇನು ಮಾಡಿದ್ದೆ?’, ‘ಅಷ್ಟೇನಾ?’, ‘ನಮ್ಮ ಕಾಲದಲ್ಲಿ...’ ಈ ಮೂರನ್ನೂ ನುಂಗಿಕೊಳ್ಳಿ. ‘ಹೂಂ, ಆಮೇಲೆ?’ ಎಂದು ಸುಮ್ಮನಾಗಿ. ಅವನು ಮುಂದಿನ ಗಲ್ಲಿಯವರೆಗೂ ಮಾತಾಡದಿರಬಹುದು. ಆ ಮೌನವನ್ನು ನೀವು ತುಂಬಿಸಲು ಹೋಗಬೇಡಿ. ನಡುವೆ ಹಿಂದಿಗೋ ಮರಾಠಿಗೋ ಜಾರಿದರೆ ‘ಕನ್ನಡದಲ್ಲಿ ಹೇಳು’ ಎಂದು ತಡೆಯಬೇಡಿ, ಆ ಅಭಿಮಾನ ಕನ್ನಡ ಸಂಘದ ಕಾರ್ಯಕ್ರಮಕ್ಕಿರಲಿ. ಪರಿಹಾರ ಅವನು ಕೇಳಿದರೆ ಮಾತ್ರ. ‘ಸರ್ ಹತ್ರ ನಾನು ಮಾತಾಡ್ಲಾ?’ ಎಂದಾಗ ‘ಬೇಡ’ ಅಂದರೆ ಬೇಡ. ಹೊಡೆತ, ಬೆದರಿಕೆ, ಮೈ ಮುಟ್ಟಿದ ವಿಷಯವಾದರೆ ಈ ನಿಯಮವಿಲ್ಲ. ಮಕ್ಕಳ ಸಹಾಯವಾಣಿ 1098 ಇದೆ.

ಕೇಳಿದ್ದನ್ನು ಊಟಕ್ಕೆ ಕೂತಾಗ ಎಲ್ಲರೆದುರು ಎತ್ತಬೇಡಿ. ಊರಿಗೆ ಫೋನ್ ಹಚ್ಚಿ ದೊಡ್ಡಮ್ಮನಿಗೆ ಹೇಳಿದಿರೋ, ಇನ್ನೊಂದು ವರ್ಷ ಬರೀ ‘ಏನಿಲ್ಲ’ವೇ.

ಇಷ್ಟೆಲ್ಲ ಯಾಕೆಂದು ಕೆಲವರು ಟ್ರ್ಯಾಕಿಂಗ್ ಆ್ಯಪ್‌ಗೆ ದುಡ್ಡು ಸುರಿಯುತ್ತಾರೆ. ಫೋನ್ ಟ್ಯೂಷನ್ನಿನಲ್ಲಿದೆ ಎಂದು ಅದು ತೋರಿಸೀತು, ಹುಡುಗ ಡಬ್ಬಿ ಹಾಗೇ ವಾಪಸ್ ತಂದದ್ದೇಕೆಂದು ಹೇಳದು. ಸ್ವೀಡನ್ನಿನಲ್ಲಿ ಸ್ಟಾಟಿನ್, ಕೆರ್ ಎಂಬ ಸಂಶೋಧಕರು ಹದಿನಾಲ್ಕರ ಮಕ್ಕಳ ಬಗ್ಗೆ 2000ದಲ್ಲಿ ಪ್ರಕಟಿಸಿದ್ದೂ ಇದನ್ನೇ: ಹೆತ್ತವರಿಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಮಕ್ಕಳು ತಾವಾಗಿ ಹೇಳಿದ್ದು, ಕಾವಲು ಕಾದು ತಿಳಿದದ್ದಲ್ಲ.

ಗಂಡ-ಹೆಂಡಿರು ಮಾತು ಬಿಟ್ಟಾಗ ‘ನಿನ್ನಪ್ಪನಿಗೆ ಹೇಳು’ ಎಂದು ಮಗುವಿನ ಕೈಲಿ ಸುದ್ದಿ ಕಳಿಸುವುದೂ ನಿಲ್ಲಲಿ.

ಊಟ, ನಿದ್ದೆ, ಗೆಳೆಯರು ಮೂರೂ ಬೇಡವಾಗಿ ವಾರಗಟ್ಟಲೆ ಮಂಕಾಗಿದ್ದರೆ ಹಾಲು ತರುವ ನೆಪ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕರೆ ಉಚಿತ, ರಾತ್ರಿಯೂ ಎತ್ತುತ್ತಾರೆ.