ಜಾಂಬಿ ಸಿನಿಮಾ ನೋಡೋವಾಗ ಜಾಂಬಿ ಬಿಡಿ, ಬಾಗಿಲು ನೋಡಿ

ನಂಗೆ ಹಾರರ್ ಇಷ್ಟ ಅಂತ ಗೊತ್ತಾದ ತಕ್ಷಣ "ಒಂದು ಒಳ್ಳೆ ಜಾಂಬಿ ಸಿನಿಮಾ ಹೇಳಿ" ಅಂತ ಕೇಳೋರೂ ಅವ್ರೇ, ಹೇಳಿದ್ಮೇಲೆ ಅರ್ಧಕ್ಕೆ ಆಫ್ ಮಾಡಿ "ಬರೀ ಕಚ್ಚೋದು ಓಡೋದು, ಇನ್ನೇನಿದೆ ಅದ್ರಲ್ಲಿ" ಅನ್ನೋರೂ ಅವ್ರೇ. ಕಚ್ಚೋದನ್ನಷ್ಟೇ ನೋಡ್ತಾ ಕೂತ್ರೆ ಬೋರ್ ಹೊಡಿಯುತ್ತೆ, ಒಪ್ಕೋತೀನಿ. ಈ ಕಥೆಗಳ ಜೀವ ಇರೋದು ಬಾಗಿಲಲ್ಲಿ. ಚಿಲಕ ಯಾರು ಹಾಕ್ತಾರೆ, ಹೊರಗೆ ಯಾರು ಉಳಿತಾರೆ, ಕೊನೆಗೆ ಅದನ್ನ ತೆಗೆಯೋ ದಡ್ಡ ಯಾರು, ಇಷ್ಟು ಗಮನಿಸ್ತಾ ಹೋದ್ರೆ ಸಾಕು. ಹಡಗು ಮುಳುಗೋ ಸಿನಿಮಾ, ಬಿಲ್ಡಿಂಗಿಗೆ ಬೆಂಕಿ ಬೀಳೋ ಸಿನಿಮಾಗೂ ಇದೇ ಲೆಕ್ಕ.

ಶುರು ಮಾಡೋದು 1968ರ ನೈಟ್ ಆಫ್ ದಿ ಲಿವಿಂಗ್ ಡೆಡ್‌ನಿಂದಲೇ. ಹಳೇದು, ಬ್ಲಾಕ್ ಅಂಡ್ ವೈಟು ಅಂತ ಮೂಗು ಮುರೀಬೇಡಿ. ಅದಕ್ಕಿಂತ ಮುಂಚೆ, ಅಂದ್ರೆ 1932ರ ವೈಟ್ ಜಾಂಬಿ ಕಾಲದಲ್ಲಿ, ಜಾಂಬಿ ಅಂದ್ರೆ ಹೈಟಿಯ ಮಾಟದ ಕಥೆ, ಹಿಂದೆ ಒಬ್ಬ ಮಂತ್ರವಾದಿ ಇರ್ತಿದ್ದ, ಅವನನ್ನ ಮುಗಿಸಿದ್ರೆ ಕಥೆನೂ ಮುಗೀತು. ನೈಟ್ ಆಫ್ ದಿ ಲಿವಿಂಗ್ ಡೆಡ್ ತೆಗೆದ ನಿರ್ದೇಶಕ ಜಾರ್ಜ್ ರೊಮೆರೋ ಆ ಯಜಮಾನನನ್ನೇ ಕಿತ್ತು ಹಾಕಿದ್ರು. ಈಗ ಯಾರ ಹತ್ರ ಬೇಡ್ಕೊಳ್ಳೋದು, ಯಾರನ್ನ ಹೊಡೆಯೋದು? ಯಾರೂ ಇಲ್ಲ, ಇರೋದು ಒಂದು ಮನೆ, ಒಳಗೊಂದಿಷ್ಟು ಜನ, ಹೊರಗೆ ಎದ್ದು ಓಡಾಡೋ ಹೆಣಗಳು. ಒಬ್ಬ ಮನೇಲಿದ್ದ ಹಲಗೆ ಎಲ್ಲಾ ತಂದು ಕಿಟಕಿ ಬಾಗಿಲಿಗೆ ಮೊಳೆ ಹೊಡೀತಾ ಇರ್ತಾನೆ, ಇನ್ನೊಬ್ಬ ನೆಲಮಾಳಿಗೆಗೆ ಹೋಗಿ ಬಾಗಿಲು ಹಾಕ್ಕೊಳ್ಳೋಣ ಅಂತ ಹಠ ಹಿಡೀತಾನೆ. ಮೇಲ್ಗಡೆ ನುಗ್ಗೋಕೆ ಹತ್ತು ಜಾಗ, ಆದ್ರೆ ಓಡಿಹೋಗೋಕೂ ಜಾಗ ಇದೆ. ಕೆಳಗೆ ಒಂದೇ ಬಾಗಿಲು, ಗಟ್ಟಿ, ಅದು ಮುರಿದ್ರೆ ಕಥೆ ಮುಗೀತು. ಆ ಜಗಳ ಬಂದಾಗ ಸಿನಿಮಾ ಸ್ವಲ್ಪ ನಿಲ್ಲಿಸಿ, ನೀವು ಯಾರ ಕಡೆ ಅಂತ ತೀರ್ಮಾನ ಮಾಡ್ಕೊಂಡು ಆಮೇಲೆ ಮುಂದೆ ನೋಡಿ, ಕೊನೆಗೆ ಏನಾಗುತ್ತೆ ಅಂತ ನಾನು ಹೇಳಲ್ಲ.

ಇನ್ನೊಂದು ವಿಷ್ಯ, ಆ ಸಿನಿಮಾದ ಹೆಸರು ಬದಲಾಯಿಸೋವಾಗ ವಿತರಕರು ಕಾಪಿರೈಟ್ ಸಾಲು ಹಾಕೋದನ್ನೇ ಬಿಟ್ಬಿಟ್ರು, ಹಾಗಾಗಿ ಅಮೆರಿಕಾದಲ್ಲಿ ಅದು ಯಾರಪ್ಪನ ಆಸ್ತಿನೂ ಅಲ್ಲ. ಆನ್‌ಲೈನಲ್ಲಿ ಎಲ್ಲಿ ಹುಡುಕಿದ್ರೂ ಸಿಗುತ್ತೆ ನಿಜ, ಆದ್ರೆ ಅದೇ ಕಾರಣಕ್ಕೆ ಮಸುಕು ಮಸುಕಾದ ಪ್ರಿಂಟುಗಳೂ ಸಿಕ್ಕಾಪಟ್ಟೆ ಇವೆ. ರಿಸ್ಟೋರ್ ಮಾಡಿದ ಪ್ರಿಂಟ್ ಹುಡುಕಿ ನೋಡಿ, ಕತ್ತಲೆ ಕತ್ತಲೆ ಥರ ಕಾಣ್ಬೇಕು, ಬೂದಿ ಥರ ಅಲ್ಲ.

ಯಾವ ಜಾಂಬಿ ಸಿನಿಮಾ ಹಾಕಿದ್ರೂ ಮೊದಲ ಕಾಲು ಗಂಟೇಲಿ ರೂಲ್ಸ್ ಹಿಡ್ಕೊಳ್ಳಿ. ಓಡ್ತಾವಾ ನಡೀತಾವಾ, ಕಣ್ಣು ಕಾಣುತ್ತಾ ಬರೀ ಕಿವಿನಾ, ಬಾಗಿಲು ತೆಗೆಯೋಕೆ ಬರುತ್ತಾ, ಕಚ್ಚಿಸ್ಕೊಂಡೋರು ಜಾಂಬಿ ಆಗೋಕೆ ಎಷ್ಟು ಹೊತ್ತು. ಈ ಕೊನೇದು ತುಂಬಾ ಮುಖ್ಯ, ಯಾಕಂದ್ರೆ ಅದ್ರ ಮೇಲೇ ಕಥೆ ನಿಂತಿರುತ್ತೆ. ರೊಮೆರೋ ಸಿನಿಮಾದಲ್ಲಿ ಕಚ್ಚಿಸ್ಕೊಂಡ ಮಗು ನೆಲಮಾಳಿಗೇಲಿ ಜ್ವರದಲ್ಲಿ ಮಲಗಿರುತ್ತೆ, ಅಪ್ಪ ಅಮ್ಮಂಗೆ ಆಸೆ ಇಟ್ಕೊಳ್ಳೋಕೆ, ಸುಳ್ಳು ಹೇಳ್ಕೊಳ್ಳೋಕೆ ಟೈಮ್ ಸಿಗುತ್ತೆ. 2002ರ 28 ಡೇಸ್ ಲೇಟರ್‌ನಲ್ಲಿ ಇರೋದು ಕೆಲವೇ ಸೆಕೆಂಡು, ಪಕ್ಕದಲ್ಲಿರೋನನ್ನ ಆಗಲೇ ಕೊಂದುಹಾಕ್ಬೇಕು, ಅಳೋದೇನಿದ್ರೂ ಆಮೇಲೆ. ಒಂದರಲ್ಲಿ ಸಂಸಾರದ ಗೋಳು ಹಿಡಿಯುತ್ತೆ, ಇನ್ನೊಂದರಲ್ಲಿ ಅದಕ್ಕೆ ಜಾಗಾನೇ ಇಲ್ಲ. (ಅಂದಹಾಗೆ 28 ಡೇಸ್ ಲೇಟರ್‌ನ ಬಹುಪಾಲು ತೆಗೆದಿರೋದು ಕ್ಯಾನನ್ ಎಕ್ಸ್‌ಎಲ್1 ಅನ್ನೋ ಡಿಜಿಟಲ್ ಕ್ಯಾಮೆರಾದಲ್ಲಿ, ಖಾಲಿ ಲಂಡನ್ ಬೇಕು ಅಂತ ಬೆಳ್ಳಂಬೆಳಿಗ್ಗೆ ಸ್ವಲ್ಪ ಹೊತ್ತು ಟ್ರಾಫಿಕ್ ತಡೆದು ಗಬಕ್ಕನೆ ಶೂಟ್ ಮಾಡಿದ್ದು. ಚಿತ್ರ ಒರಟಾಗಿ ಕಂಡ್ರೆ ನಿಮ್ಮ ಟೀವಿ ಬೈಬೇಡಿ.)

ರೂಲ್ಸನ್ನ ಚೆನ್ನಾಗಿ ಆಡಿಸೋದು ನೋಡ್ಬೇಕಂದ್ರೆ 2016ರ ಟ್ರೈನ್ ಟು ಬೂಸಾನ್. ಅಲ್ಲಿನ ಜಾಂಬಿಗಳು ಕಂಡಿದ್ದಕ್ಕೆ ನುಗ್ತಾವೆ, ಬೋಗಿ ಬಾಗಿಲು ಸರಿಸೋಕೆ ಮಾತ್ರ ಬರಲ್ಲ. ಗಾಜಿಗೆ ಮುಖ ಒತ್ಕೊಂಡು ಹಲ್ಲು ಕಡೀತಾ ಇರೋವಾಗ ಒಬ್ಬಳು ಗಾಜಿಗೆ ನೀರು ಹಾಕಿ ಪೇಪರ್ ಅಂಟಿಸ್ತಾಳೆ, ಅಷ್ಟೇ, ಆ ಕಡೆ ಗಲಾಟೆ ತಣ್ಣಗಾಗುತ್ತೆ. ಎಷ್ಟು ಸಣ್ಣ ಉಪಾಯ ನೋಡಿ. ಸುರಂಗ ಬಂದಾಗ ಕತ್ತಲಲ್ಲಿ ಅವಕ್ಕೆ ಕಣ್ಣು ಕಾಣಲ್ಲ, ಅದನ್ನೂ ಬಳಸ್ಕೋತಾರೆ. ಇಷ್ಟೆಲ್ಲಾ ಪಾರಾಗಿ ಬಂದ್ರೆ ಮುಂದಿನ ಬೋಗಿಯೋರು ಬಾಗಿಲು ತೆಗೆಯಲ್ಲ, ಒಳಗಿಂದ ಕಟ್ಟಿ ಹಿಡ್ಕೊಂಡಿರ್ತಾರೆ, ಜಾಂಬಿಗಿಂತ ಇವ್ರ ಮೇಲೆ ಮೈ ಉರಿಯುತ್ತೆ. 1978ರ ಡಾನ್ ಆಫ್ ದಿ ಡೆಡ್‌ನಲ್ಲಿ ಉಲ್ಟಾ, ಇಡೀ ಶಾಪಿಂಗ್ ಮಾಲ್ ಬಂದ್ ಮಾಡ್ಕೊಂಡು ರಾಜರ ಥರ ಇರ್ತಾರೆ, ಹಾಳು ಮಾಡೋರು ಹೊರಗಿಂದ ಬರೋ ಜೀವಂತ ಮನುಷ್ಯರು.

ರಕ್ತ ನೋಡೋಕಾಗಲ್ಲ ಅನ್ನೋರು ಕಣ್ಣು ಮುಚ್ಚೋ ಬದ್ಲು ವಾಲ್ಯೂಮ್ ಕಮ್ಮಿ ಮಾಡಿ, ಅರ್ಧ ಭಯ ಸೌಂಡಲ್ಲೇ ಇರೋದು.

ಡಿಸಾಸ್ಟರ್, ಅಂದ್ರೆ ಅನಾಹುತದ ಸಿನಿಮಾಗಳಿಗೆ ಬಂದ್ರೆ, ಊರೂರೇ ಕುಸಿದು ಬೀಳೋ ಗ್ರಾಫಿಕ್ಸ್ ಜಾತ್ರೆಗಳನ್ನ ನಾನಂತೂ ಸ್ಕಿಪ್ ಮಾಡ್ತೀನಿ. ಜಾಗ ಸಣ್ಣದಿದ್ದಷ್ಟೂ ಉಸಿರು ಕಟ್ಟೋದು ಜಾಸ್ತಿ. 1972ರ ಪೊಸೈಡನ್ ಅಡ್ವೆಂಚರ್‌ನಲ್ಲಿ ಹೊಸ ವರ್ಷದ ರಾತ್ರಿ ಹಡಗು ತಲೆಕೆಳಗಾಗುತ್ತೆ, ಬದುಕಬೇಕಂದ್ರೆ ತಳದ ಕಡೆಗೆ ಹತ್ತಬೇಕು, ಒಬ್ಬ ಪಾದ್ರಿ ಹತ್ತಿ ಅಂತಾನೆ, ಹಡಗಿನ ಅಧಿಕಾರಿ ಇಲ್ಲೇ ಕಾಯಿರಿ ಅಂತಾನೆ, ಜಾಸ್ತಿ ಜನ ಅಧಿಕಾರಿ ಮಾತೇ ಕೇಳೋದು. ಎರಡು ವರ್ಷ ಬಿಟ್ಟು ಬಂದ ಟವರಿಂಗ್ ಇನ್ಫರ್ನೋದಲ್ಲಿ ಮೇಲಿನ ಮಹಡಿಯೋರು ತಪ್ಪಿಸ್ಕೊಳ್ಳೋ ಬಾಗಿಲಿಗೆ ಸಿಮೆಂಟ್ ಬಿದ್ದು ಗಟ್ಟಿಯಾಗಿರುತ್ತೆ. ಬೆಂಕಿಗೆ ಬೈಯೋದಾ, ಕಟ್ಟಿದೋರಿಗೆ ಬೈಯೋದಾ?

ಬಾಗಿಲೇ ಕೆಲಸಕ್ಕೆ ಬಾರದ ಕಥೆಗಳನ್ನ ಕೊನೆಗಿಟ್ಕೊಳ್ಳಿ. ಸೋಂಕು ಹರಡೋ ಕಥೆ 2011ರ ಕಂಟೇಜಿಯನ್ ನೋಡೋವಾಗ ಮುಖಗಳಿಗಿಂತ ಕೈಗಳನ್ನ ನೋಡಿ, ಗ್ಲಾಸು, ಕಾರ್ಡು, ಹಿಡಿಕೆ, ಕ್ಯಾಮೆರಾ ಬೇಕಂತಲೇ ಅಲ್ಲಿ ನಿಲ್ಲುತ್ತೆ. ಶುರುವಿನಲ್ಲಿ ಪರದೆ ಮೇಲೆ ಎರಡನೇ ದಿನ ಅಂತ ಬರುತ್ತೆ, ಮೊದಲನೇ ದಿನ ಎಲ್ಲಿ ಅಂತ ತಲೇಲಿಟ್ಕೊಂಡಿರಿ. ಅಣುಸ್ಥಾವರ ಸ್ಫೋಟದ ಕಥೆ 2019ರ ಚೆರ್ನೋಬಿಲ್ ಸೀರೀಸ್ ಐದೇ ಎಪಿಸೋಡು, ಆದ್ರೆ ಒಂದೇ ರಾತ್ರಿ ಮುಗಿಸ್ಬೇಡಿ, ದಿನಕ್ಕೊಂದು ಸಾಕು. ಅದ್ರಲ್ಲಿ 3.6 ಅನ್ನೋ ನಂಬರ್ ಪದೇ ಪದೇ ಬರುತ್ತೆ, ಅದು ಅಲ್ಲಿದ್ದ ವಿಕಿರಣ ಅಳೆಯೋ ಮೀಟರ್ ತೋರಿಸೋಕಾಗೋ ಗರಿಷ್ಠ ಅಷ್ಟೇ, ಅದನ್ನೇ ಹಿಡ್ಕೊಂಡು ದೊಡ್ಡೋರೆಲ್ಲಾ ಏನೂ ಆಗಿಲ್ಲ ಅಂತ ಕೂತಿರ್ತಾರೆ, ಇದಕ್ಕಿಂತ ಹಾರರ್ ಬೇಕಾ.

ಇದೆಲ್ಲಾ ಆಗಿ ತಲೆ ಭಾರ ಆದ್ರೆ 2017ರ ಜಪಾನಿ ಸಿನಿಮಾ ಒನ್ ಕಟ್ ಆಫ್ ದಿ ಡೆಡ್ ಹಾಕಿ. ಮೊದಲ 37 ನಿಮಿಷ ಒಂದೇ ಶಾಟು, ಆಕ್ಟಿಂಗ್ ಪೇಲವ, ಮಧ್ಯೆ ಮಧ್ಯೆ ಎಲ್ರೂ ಸುಮ್ನೆ ನಿಂತ್ಬಿಡ್ತಾರೆ, ಇದೇನ್ ಕರ್ಮ ಅನ್ಸುತ್ತೆ. ಆಫ್ ಮಾಡ್ಬೇಡಿ, ಆ ಎಡವಟ್ಟುಗಳನ್ನ ಒಂದೊಂದಾಗಿ ನೆನಪಿಟ್ಕೊಳ್ಳಿ. ಟ್ರೈಲರ್ ಅಂತೂ ನೋಡ್ಲೇಬೇಡಿ.