ಸಂತೆ ಯಾವುದು ಅಂತ ಕೇಳಿ, ಗಾಡಿ ಸರಿಯಾದ ಊರಿಗೆ ಹೋಗುತ್ತೆ

ಕರೆ ಬಂದರೆ ಆಂಬುಲೆನ್ಸ್, ಬೆಂಕಿ ಆರಿಸುವ ಗಾಡಿ ಕಳಿಸುವ ನಮ್ಮ ಕಂಟ್ರೋಲ್ ರೂಮ್ ನೋಡಲು ಬಂದವರೆಲ್ಲ ಮೊದಲು ಗೋಡೆ ಮೇಲಿನ ದೊಡ್ಡ ಟಿವಿ ನೋಡುತ್ತಾರೆ. ಗಾಡಿಗಳ ಜಿಪಿಎಸ್ ಚುಕ್ಕಿ ಓಡಾಡುವುದನ್ನು ಕಂಡು ತಲೆದೂಗುತ್ತಾರೆ. ಕೆಲಸ ನಡೆಯುವುದು ಮಾತ್ರ ಊರೂರಿನ ದಾರಿ ಬರೆದಿಟ್ಟು ಮೇಜಿನ ಮೇಲಿಟ್ಟಿರುವ ದಪ್ಪ ಲೆಡ್ಜರ್‌ನಿಂದ. ಮೂರ್ನಾಲ್ಕು ವರ್ಷದ ಹಿಂದೆ ಇದನ್ನು ಹೇಳಿದಾಗ ನಕ್ಕವರೇ ಜಾಸ್ತಿ. "ಮೊಬೈಲಲ್ಲಿ ಮ್ಯಾಪ್ ಇರುವಾಗ ಪುಸ್ತಕ ಯಾಕ್ರೀ?" ಅಂದವರು ಈಗ ಫೋನ್ ಮಾಡಿ "ಒಂದು ಜೆರಾಕ್ಸ್ ಸಿಗುತ್ತಾ ಸಾರ್?" ಅಂತ ಕೇಳುತ್ತಿದ್ದಾರೆ. ಜೆರಾಕ್ಸ್ ಕೊಡಲ್ಲ. ಹೇಗೆ ಮಾಡಿದೆವು ಅಂತ ಬೇಕಾದರೆ ಹೇಳುತ್ತೇನೆ.

ನಮ್ಮದು ತುಮಕೂರಿನ ಆಚೆ, 48ನೇ ಹೆದ್ದಾರಿ ಪಕ್ಕದ ಕೈಗಾರಿಕಾ ಪ್ರದೇಶ. ಕಾರ್ಖಾನೆಗಳ ಸಂಘ ನಡೆಸುವ ಸಣ್ಣ ಡಿಸ್‌ಪ್ಯಾಚ್ ಕೇಂದ್ರ. ಐದು ಆಂಬುಲೆನ್ಸ್, ಎರಡು ಫೈರ್ ಟೆಂಡರ್ ಅಂದರೆ ಬೆಂಕಿ ಆರಿಸುವ ನೀರಿನ ಗಾಡಿ, ಎಲ್ಲವೂ ಬೇರೆ ಬೇರೆ ಕಾರ್ಖಾನೆಗಳವು. ಸುತ್ತಲಿನ ಐವತ್ತು ಅರವತ್ತು ಹಳ್ಳಿಗಳಿಗೂ ಹೋಗುತ್ತೇವೆ. ನಮ್ಮದು ಸರ್ಕಾರದ ವ್ಯವಸ್ಥೆಗೆ ಬದಲಿ ಅಲ್ಲ. 108 ಆಂಬುಲೆನ್ಸ್ ರಾಜ್ಯಕ್ಕೆ ಬಂದಿದ್ದು 2008ರಲ್ಲಿ. ಆಮೇಲೆ ಪೊಲೀಸ್, ಬೆಂಕಿ, ಆಂಬುಲೆನ್ಸ್ ಎಲ್ಲಕ್ಕೂ ಸೇರಿ 112 ಬಂತು. ನಮಗೆ ಬರುವ ಪ್ರತಿ ಕರೆಯನ್ನೂ ಆ ಕಡೆಗೆ ತಿಳಿಸುತ್ತೇವೆ. ನಮ್ಮ ಗಾಡಿ ಹತ್ತಿರ ಇದೆ, ಸುಮ್ನೆ ಶೆಡ್‌ನಲ್ಲಿ ನಿಂತಿರುತ್ತೆ, ಮೊದಲು ತಲುಪುತ್ತೆ. ಅಷ್ಟೇ ನಮ್ಮ ಲೆಕ್ಕ. ನಾನು ಸೇನೆಯ ಸಿಗ್ನಲ್ಸ್‌ನಲ್ಲಿ, ಅಂದರೆ ಸಂಪರ್ಕ ವಿಭಾಗದಲ್ಲಿದ್ದವನು. ನಿವೃತ್ತಿ ಆದ ಮೇಲೆ ಈ ಕುರ್ಚಿಗೆ ಬಂದೆ.

ಮೊದಲ ವರ್ಷ ದುಡ್ಡು ಹೋಗಿದ್ದು ಐವಿಆರ್‌ಗೆ, ಅಂದರೆ ಕರೆ ಎತ್ತಿ ತಾನೇ ಮಾತಾಡುವ ಯಂತ್ರಕ್ಕೆ. ಮಾರಲು ಬಂದವರು ಚೆನ್ನಾಗಿ ಮಾತಾಡಿದರು, ಕಮಿಟಿ ಒಪ್ಪಿತು. ಒಂದೂಮುಕ್ಕಾಲು ಲಕ್ಷದ ಹತ್ತಿರ ಬಿತ್ತು. "ಕನ್ನಡಕ್ಕಾಗಿ ಒಂದನ್ನು ಒತ್ತಿ, ಬೆಂಕಿ ಅವಘಡಕ್ಕಾಗಿ ಎರಡನ್ನು ಒತ್ತಿ." ಬಣವೆ ಉರಿಯುತ್ತಿರುವಾಗ ಯಾರು ಒತ್ತುತ್ತಾರೆ? ಅರ್ಧಕ್ಕರ್ಧ ಕರೆ ಅಲ್ಲೇ ಕಟ್ ಆಗುತ್ತಿತ್ತು. ಜನ ಆ ಹೆಣ್ಣಿನ ದನಿಗೆ ಉತ್ತರ ಕೊಡುತ್ತಿದ್ದರು. "ಅಕ್ಕಾ, ಬೇಗ ಕಳ್ಸಕ್ಕಾ" ಅಂತ ರೆಕಾರ್ಡಿಂಗಿಗೇ ಗೋಗರೆದಿರುವುದು ನಮ್ಮ ಹತ್ತಿರ ಇನ್ನೂ ಇದೆ. ಐದಾರು ತಿಂಗಳಿಗೆ ಅದನ್ನು ಕಿತ್ತು ಹಾಕಿಸಿದೆ. ಈಗ ರಿಂಗ್ ಆದರೆ ಮನುಷ್ಯರೇ ಎತ್ತುತ್ತಾರೆ. ಕಟ್ ಆದ ಕರೆಗೆ, ಮಿಸ್ಡ್ ಕಾಲ್‌ಗೆ ನಾವೇ ವಾಪಸ್ ಮಾಡುತ್ತೇವೆ. ಕರೆನ್ಸಿ ಇಲ್ಲದೆ ಮಿಸ್ಡ್ ಕಾಲ್ ಕೊಟ್ಟವರ ಮನೆಯಲ್ಲಿ ನಿಜವಾಗಿ ಹಾವು ಕಚ್ಚಿರುತ್ತೆ. ಮಕ್ಕಳ ಆಟದ ಕರೆ ಬರಲ್ವಾ ಅಂದರೆ, ಬರುತ್ತೆ. ದಿನಕ್ಕೆ ಇಪ್ಪತ್ತೋ ಮೂವತ್ತೋ. ಬರಲಿ.

ಅಸಲಿ ತೊಂದರೆ ಇದ್ದದ್ದು ಜಾಗ ಗೊತ್ತುಮಾಡುವುದರಲ್ಲಿ. ನಮ್ಮ ವ್ಯಾಪ್ತಿಯಲ್ಲಿ ಹೊಸಹಳ್ಳಿ ಒಂದಲ್ಲ, ಮೂರು ಇವೆ. ಗೊಲ್ಲರಹಟ್ಟಿಗಳಿಗೆ ಲೆಕ್ಕವಿಲ್ಲ. ಪಾಳ್ಯ, ಕಾವಲ್, ತಾಂಡ ಅಂತ ಕೊನೆಗೆ ಸೇರಿಸಿದರೆ ಬೇರೆ ಊರು, ಸೇರಿಸದಿದ್ದರೆ ಬೇರೆ ಊರು. ಗಾಬರಿಯಲ್ಲಿರುವವರು ಸೇರಿಸುವುದಿಲ್ಲ. ಹೋಬಳಿ ಕೇಳಿದರೆ ಹೆಂಗಸರು, ಹುಡುಗರು ತಡವರಿಸುತ್ತಾರೆ. ಪಿನ್‌ಕೋಡ್ ಕೇಳುವ ಮಾತೇ ಇಲ್ಲ. ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಿ ಅಂತ ಹೇಳಿ ನೋಡಿದೆವು. ಹತ್ತಿಪ್ಪತ್ತು ಜನಕ್ಕೆ ಒಬ್ಬರು ಕಳಿಸುತ್ತಿದ್ದರು. ಉಳಿದವರದು ಕೀಪ್ಯಾಡ್ ಫೋನ್, ಇಲ್ಲವೇ ಕೈ ನಡುಕ. ಮೊಬೈಲ್ ಟವರ್ ಹಿಡಿದು ಹೋದರೆ ಬಯಲಿನಲ್ಲಿ ಎರಡು ಮೂರು ಕಿಲೋಮೀಟರ್ ಆಚೀಚೆ ಆಗುತ್ತೆ. ಆ ವೃತ್ತದೊಳಗೇ ನಾಲ್ಕು ಊರು.

ದಾರಿ ತೋರಿಸಿದ್ದು ನಮ್ಮ ಒಬ್ಬ ಆಪರೇಟರ್ ಹುಡುಗಿ. ಮುಂಚೆ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತಿದ್ದವಳು. ಒಂದು ರಾತ್ರಿ "ಹೊಸಳ್ಳಿ, ಹೆರಿಗೆ ನೋವು" ಅಂತ ಕರೆ ಬಂತು. ಪಕ್ಕದ ಸೀಟಿನವನು ತಾಲೂಕು, ಹೋಬಳಿ ಅಂತ ಜಗ್ಗಾಡುತ್ತಿದ್ದ. ಇವಳು ಹೆಡ್‌ಸೆಟ್ ಕಿತ್ತುಕೊಂಡು ಕೇಳಿದಳು:

"ಅಮ್ಮಾ, ನೀವು ಸಂತೆಗೆ ಬೆಳ್ಳಾವಿಗೆ ಹೋಗ್ತೀರೋ ಸಿರಾಕ್ಕೋ?"

"ಬೆಳ್ಳಾವಿಗೆ."

"ಬಸ್ ಇಳಿದ ಮೇಲೆ ನಡೀಬೇಕಾ?"

"ಇಲ್ಲ, ಅರಳೀಕಟ್ಟೆ ಮುಂದೇನೇ ನಿಲ್ಸ್ತಾನೆ."

ಮುಗಿಯಿತು. ಅರ್ಧ ನಿಮಿಷವೂ ಆಗಲಿಲ್ಲ. ಹೋಬಳಿ ಮರೆಯಬಹುದು, ಸಂತೆ ಮರೆಯುವವರು ನಮ್ಮ ಕಡೆ ಯಾರೂ ಇಲ್ಲ. ಮಾರನೇ ದಿನದಿಂದ ಕೇಳುವ ಪ್ರಶ್ನೆಗಳನ್ನೆಲ್ಲ ಬದಲಾಯಿಸಿದೆ. ಏನಾಗಿದೆ ಅನ್ನುವುದಕ್ಕಿಂತ ಮೊದಲು ಎಲ್ಲಿ. ಎಲ್ಲಿ ಅಂದರೆ ಊರು, ಸಂತೆ, ಬಸ್ ನಿಲ್ಲುವ ಜಾಗ. ಇನ್ನೂ ಎರಡು ಪ್ರಶ್ನೆ ಇವೆ. ಅವನ್ನು ನಮ್ಮವರಿಗಷ್ಟೇ ಕಲಿಸಿದ್ದೇನೆ.

ಲೆಡ್ಜರ್ ಶುರುವಾಗಿದ್ದು ಆಗ. ಒಂದೊಂದು ಊರಿಗೆ ಒಂದೊಂದು ಪುಟ. ಎಡಕ್ಕೆ ಜನ ಬಾಯಲ್ಲಿ ಹೇಳುವ ಗುರುತು, ನಡುವೆ ಹೆದ್ದಾರಿಯಿಂದ ಬರುವ ದಾರಿ, ಬಲಕ್ಕೆ ಯಾವ ಗಾಡಿ ಹಿಡಿಸುತ್ತೆ ಅನ್ನುವುದು. ಎಡಗಡೆ ಕಾಲಂ ನೋಡಿದರೆ ನಗು ಬರುತ್ತೆ. "ಹಳೇ ಟೆಂಟ್ ಹಿಂದೆ" ಅಂತಿದೆ. ಆ ಟೆಂಟ್ ಸಿನಿಮಾ ಮುಚ್ಚಿ ಎಷ್ಟೋ ವರ್ಷವಾಗಿದೆ, ಈಗ ಅಲ್ಲಿ ಕಲ್ಯಾಣ ಮಂಟಪ ಇದೆ. ಜನ ಮಾತ್ರ ಟೆಂಟ್ ಅಂತಲೇ ಹೇಳುತ್ತಾರೆ. ಮ್ಯಾಪ್‌ನಲ್ಲಿ ಟೆಂಟ್ ಹುಡುಕಿದರೆ ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ ತೋರಿಸುತ್ತೆ! "ಒಂಟಿ ಹುಣಸೇಮರ" ಅಂತ ಮೂರು ಕಡೆ ಇದೆ. ಹೊಲದಲ್ಲಿ ಏನಾದರೂ ಆದರೆ ಹತ್ತಿರದ ಟೀಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್ ಮೇಲಿನ ನಂಬರ್ ಓದಿಸುತ್ತೇವೆ. ಬಣ್ಣ ಹೋಗಿರದಿದ್ದರೆ ಅದಕ್ಕಿಂತ ಒಳ್ಳೆಯ ವಿಳಾಸ ಬೇರೆ ಇಲ್ಲ.

ಇದನ್ನೆಲ್ಲ ಬರೆಸಿಕೊಟ್ಟವರು ಡೇರಿ ಕಾರ್ಯದರ್ಶಿಗಳು, ಲೈನ್‌ಮನ್‌ಗಳು, ಆಶಾ ಕಾರ್ಯಕರ್ತೆಯರು, ಪೋಸ್ಟ್‌ಮನ್‌ಗಳು. ಒಂದು ಪೈಸೆ ಕೊಟ್ಟಿಲ್ಲ. ಹೇಗೆ ಒಪ್ಪಿಸಿದೆ ಅಂತ ಎಲ್ಲರೂ ಕೇಳುತ್ತಾರೆ, ಅದೊಂದು ನನ್ನ ಹತ್ತಿರವೇ ಇರಲಿ. ಮುಗಿಸಲು ಸುಮಾರು ಒಂದು ವರ್ಷ ಹಿಡಿಯಿತು. ಆ ವರ್ಷ ಪೆಟ್ರೋಲ್‌ಗೇ ನನ್ನ ಜೇಬಿನಿಂದ ನಲವತ್ತು ಸಾವಿರದಷ್ಟು ಹೋಗಿರಬೇಕು. ಮನೆಯವರಿಗೆ ಇವತ್ತಿಗೂ ಪೂರ್ತಿ ಲೆಕ್ಕ ಹೇಳಿಲ್ಲ.

ಕಮಿಟಿ ಬಾಯಿ ಮುಚ್ಚಿದ್ದು ಮ್ಯಾಪಿಗೂ ಪುಸ್ತಕಕ್ಕೂ ಪಂದ್ಯ ನಡೆದ ದಿನ. ಒಬ್ಬ ಮ್ಯಾನೇಜರ್ ಸಾಹೇಬರು ತಾವೇ ಒಂದು ಜಾಗ ಆರಿಸಿ, ಅಲ್ಲಿಂದ ಫೋನ್ ಮಾಡಿದರು. ಒಂದು ಆಂಬುಲೆನ್ಸ್ ಮ್ಯಾಪ್ ನೋಡಿಕೊಂಡು, ಇನ್ನೊಂದು ನಮ್ಮ ಪುಸ್ತಕದ ಮಾತು ಕೇಳಿಕೊಂಡು. ಮ್ಯಾಪ್ ರೈಲ್ವೆ ಅಂಡರ್‌ಪಾಸ್ ದಾರಿ ತೋರಿಸಿತು. ಹಿಂದಿನ ರಾತ್ರಿ ಮಳೆ ಬಂದಿತ್ತು, ಒಳಗೆ ಸೊಂಟದ ಮಟ್ಟ ನೀರು. ನಮ್ಮ ಪುಸ್ತಕದಲ್ಲಿ ಆ ಪುಟದ ಮೇಲೆ ಕೆಂಪು ಇಂಕಿನಲ್ಲಿ "ಮಳೆ ಬಂದ್ರೆ ಕೆರೆ ಏರಿ" ಅಂತ ಬರೆದಿದೆ. ನಮ್ಮ ಗಾಡಿ ಹೋಗಿ ನಿಂತು ಆರೇಳು ನಿಮಿಷ ಆದ ಮೇಲೆ ಇನ್ನೊಂದು ಬಂತು. ಸಾಹೇಬರು ಅವತ್ತು ಎಲ್ಲರಿಗೂ ತಟ್ಟೆ ಇಡ್ಲಿ ಕೊಡಿಸಿದರು. ಅದೇ ಅಂಡರ್‌ಪಾಸ್‌ನಲ್ಲಿ ಒಣ ದಿನವೂ ದೊಡ್ಡ ಫೈರ್ ಟೆಂಡರ್ ಹಿಡಿಸುವುದಿಲ್ಲ, ಮೇಲಿನ ಕಬ್ಬಿಣ ತಾಗುತ್ತೆ. ಅದನ್ನೂ ಬಲಗಡೆ ಕಾಲಂನಲ್ಲಿ ಬರೆದಿದ್ದೇವೆ. ಜಾತ್ರೆ, ತೇರು, ಪೈಪ್ ಹಾಕಲು ಅಗೆದ ರಸ್ತೆ, ಇವೆಲ್ಲ ಪುಸ್ತಕಕ್ಕೆ ಬೇಡ. ಅದಕ್ಕೆ ಪಕ್ಕದಲ್ಲಿ ವೈಟ್‌ಬೋರ್ಡ್ ಇದೆ, ಬೆಳಗಿನ ಶಿಫ್ಟ್ ಒರೆಸಿ ಬರೆಯುತ್ತದೆ.

ಇನ್ನೊಂದು ಜಗಳ ಆಗಿದ್ದು ಗಾಡಿ ಯಾವಾಗ ಹೊರಡಬೇಕು ಅನ್ನುವುದಕ್ಕೆ. ಪೂರ್ತಿ ವಿವರ ಬರೆದುಕೊಂಡ ಮೇಲೆ ಅಂತ ಎಲ್ಲರ ವಾದ. ನಾನು ಒಪ್ಪಲಿಲ್ಲ. ಊರು ಮತ್ತು ಸಂತೆ ಸಿಕ್ಕ ತಕ್ಷಣ ಎರಡನೇ ಸೀಟಿನವರು ಗಾಡಿ ಬಿಡುತ್ತಾರೆ. ಮೊದಲನೆಯವರು ಕರೆ ಇಡದೆ ಉಳಿದದ್ದು ಕೇಳುತ್ತಾರೆ. ಬೇಡ ಅಂತಾದರೆ ಅರ್ಧ ದಾರಿಯಿಂದ ವಾಪಸ್. ಡೀಸೆಲ್ ಹಾಳು ಅಂತ ಕೂಗಿದರು. ಲೆಕ್ಕ ಹಾಕಿ ತೋರಿಸಿದೆ, ತಿಂಗಳಿಗೆ ನಾಲ್ಕೈದು ಸಾವಿರ ದಾಟುತ್ತಿರಲಿಲ್ಲ. ಮುಂಚೆ ಕರೆ ಬಂದು ಚಕ್ರ ತಿರುಗುವ ಹೊತ್ತಿಗೆ ಮೂರು ನಾಲ್ಕು ನಿಮಿಷ ಆಗುತ್ತಿತ್ತು. ಈಗ ಒಂದು, ಬಹಳ ಅಂದರೆ ಒಂದೂವರೆ. ಕೊನೆಯ ಊರುಗಳಿಗೆ ಇಪ್ಪತ್ತೈದು ನಿಮಿಷ ಹಿಡಿಯುತ್ತಿದ್ದದ್ದು ಹದಿನೈದು ಹದಿನಾರಕ್ಕೆ ಬಂದಿದೆ.

ಬೆಂಕಿ ಕರೆಯಲ್ಲಿ ಗಾಡಿ ಕಳಿಸುವುದು ಕಾಲುಭಾಗ ಕೆಲಸ. ನಮ್ಮ ಟೆಂಡರ್‌ನಲ್ಲಿರುವುದು ನಾಲ್ಕೂವರೆ ಸಾವಿರ ಲೀಟರ್. ಪಂಪ್ ಪೂರ್ತಿ ಬಿಟ್ಟರೆ ಎರಡು ಮೂರು ನಿಮಿಷಕ್ಕೆ ಖಾಲಿ. ರಾಗಿ ಹುಲ್ಲಿನ ಬಣವೆಗೆ ಅದು ಯಾವ ಮೂಲೆಗೆ? ಹಾಗಾಗಿ ಟೆಂಡರ್ ದಾರಿಯಲ್ಲಿರುವಾಗಲೇ ನಮ್ಮ ಆಪರೇಟರ್ ಎರಡು ಫೋನ್ ಮಾಡಬೇಕು. ಒಂದು ಸಬ್‌ಸ್ಟೇಷನ್‌ಗೆ. ತಂತಿ ಹತ್ತಿರ ಬೆಂಕಿ ಇದ್ದರೆ ಲೈನ್ ತೆಗೆಸಬೇಕು, ಇಲ್ಲದಿದ್ದರೆ ನೀರು ಹೊಡೆದವನಿಗೇ ಕರೆಂಟು. ದೂರ ಇದ್ದರೆ ಉಲ್ಟಾ, ತ್ರೀ ಫೇಸ್ ಕೊಡಿಸಬೇಕು, ಬೋರ್ ಓಡಲಿ ಅಂತ. ಹಳ್ಳಿಯಲ್ಲಿ ತ್ರೀ ಫೇಸ್ ಯಾವ ಪಾಳಿಯಲ್ಲಿ ಬರುತ್ತೆ ಅನ್ನುವುದು ಗೊತ್ತಿಲ್ಲದವನು ಬೆಂಕಿಗೆ ಗಾಡಿ ಕಳಿಸಬಾರದು. ಇದನ್ನು ಯಾವ ಟ್ರೈನಿಂಗ್‌ನಲ್ಲೂ ಹೇಳಿಕೊಡಲ್ಲ.

ಎರಡನೇ ಫೋನ್ ನೀರಿಗೆ. ಎರಡೂವರೆ ಇಂಚಿನ ಬೋರ್‌ನಿಂದ ಟೆಂಡರ್ ತುಂಬಿಸಲು ಅರ್ಧ ಗಂಟೆ ಹತ್ತಿರ ಬೇಕು. ಕೃಷಿ ಹೊಂಡದಿಂದ ಎಳೆದರೆ ಕೆಲವೇ ನಿಮಿಷ. ಅದಕ್ಕೇ ಎಲ್ಲೆಲ್ಲಿ ಹೊಂಡ ಇದೆ, ಗಾಡಿ ಹತ್ತಿರ ಹೋಗುತ್ತಾ, ಯಾವ ತಿಂಗಳವರೆಗೆ ನೀರಿರುತ್ತೆ, ಎಲ್ಲ ಬರೆದಿಟ್ಟೆವು. ಬಣವೆಗೆ ಬೆಂಕಿ ಬೀಳುವುದೂ ಹೊಂಡ ಒಣಗುವುದೂ ಒಂದೇ ಕಾಲಕ್ಕೆ, ಅದು ಬೇರೆ ಕರ್ಮ. ಇಲ್ಲಿ ಇನ್ನೊಂದು ಪೇಚು. ಹೊಂಡದ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಕಿರುತ್ತಾರೆ. ನೀರು ಎಳೆಯುವ ಸಕ್ಷನ್ ಪೈಪ್ ಇಳಿಸಿದರೆ ಹಾಳೆಯನ್ನೇ ಎಳೆದುಕೊಂಡು ಹರಿದುಹಾಕುತ್ತೆ. ಎರಡು ಸಲ ಹರಿದು, ರೈತರ ಹತ್ತಿರ ಬೈಸಿಕೊಂಡು, ಪರಿಹಾರವನ್ನೂ ಕಟ್ಟಿದೆವು. ಆಮೇಲೆ ಮೇದರ ಕೇರಿಯಿಂದ ಬಿದಿರಿನ ಮಂಕರಿ ತಂದು ಪೈಪಿನ ತುದಿಗೆ ಕಟ್ಟಿದೆವು. ಇನ್ನೂರೈವತ್ತು ರೂಪಾಯಿ. ಹಾಳೆಗೆ ತಾಗುವುದಿಲ್ಲ, ಪಾಚಿಯೂ ಒಳಗೆ ಹೋಗುವುದಿಲ್ಲ. ಸ್ಟೀಲಿನದು ಮಾಡಿಸಿದವರೊಬ್ಬರು ಎಂಟು ಸಾವಿರ ಕೊಟ್ಟರಂತೆ.

ಹೃದಯ ನಿಂತವರ ಎದೆ ಒತ್ತುವುದನ್ನು ಫೋನ್‌ನಲ್ಲಿ ಹೇಳಿಕೊಡುವವರಿಗೆ ಒಂದು ಮಾತು. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು ಅನ್ನುವುದು ನಿಮಗೆಲ್ಲ ಗೊತ್ತೇ ಇದೆ. ಮೂವತ್ತರವರೆಗೆ ಎಣಿಸಿ ಅಂತ ಹೇಳಿ ನೋಡಿ. ಹತ್ತರವರೆಗೆ ಸರಿಯಾಗಿ ಹೋಗುತ್ತೆ. ಹನ್ನೊಂದು, ಹನ್ನೆರಡು, ಹದಿಮೂರು ಬಂದ ತಕ್ಷಣ ನಾಲಿಗೆ ಎಳೆಯುತ್ತೆ, ಕೈಯೂ ನಿಧಾನ ಆಗುತ್ತೆ. ನಾವು ರೂಮಿನಲ್ಲೇ ದಿಂಬಿನ ಮೇಲೆ ಒತ್ತಿಸಿ ನೋಡಿದೆವು, ಎಂಬತ್ತಕ್ಕೆ ಇಳಿದುಬಿಡುತ್ತಿತ್ತು. ಈಗ ನಮ್ಮವರು ಎಣಿಸುವುದು ನಾಲ್ಕರವರೆಗೆ ಮಾತ್ರ. ಒಂದ್, ಎರ್ಡ್, ಮೂರ್, ನಾಕ್, ಮತ್ತೆ ಒಂದ್. ಆಪರೇಟರ್ ಕಿವಿಯಲ್ಲಿ 110ಕ್ಕೆ ಇಟ್ಟ ಮೆಟ್ರೊನೋಮ್, ಅಂದರೆ ಟಿಕ್ ಟಿಕ್ ಅಂತ ತಾಳ ಹಾಕುವ ಸಾಧನ ಇರುತ್ತೆ. ಫೋನ್ ಸ್ಪೀಕರ್‌ಗೆ ಹಾಕಿಸಿ ನೆಲದ ಮೇಲೆ ಇಡಿಸುತ್ತೇವೆ. ಕಳೆದ ವರ್ಷ ಹೀಗೆ ಉಳಿದ ಒಬ್ಬರು ಹಬ್ಬಕ್ಕೆ ಒಂದು ಮೂಟೆ ಕಡಲೆಕಾಯಿ ಕಳಿಸಿದ್ದರು.

ಹಾವು ಕಡಿತಕ್ಕೆ ಹೊಸದೇನೂ ಮಾಡಿಲ್ಲ. ಕಟ್ಟಬೇಡಿ, ಕೊಯ್ಯಬೇಡಿ, ಕಾಲು ಅಲ್ಲಾಡಿಸಬೇಡಿ. ಆದರೆ ಗಾಡಿ ಹೊರಟ ಮೇಲೆ ಆಸ್ಪತ್ರೆಗೆ ಫೋನ್ ಮಾಡಿ ಔಷಧಿ ಇದೆಯಾ, ಡಾಕ್ಟರ್ ಇದ್ದಾರಾ ಅಂತ ಕೇಳಿಯೇ ಯಾವ ಆಸ್ಪತ್ರೆ ಅಂತ ಹೇಳುತ್ತೇವೆ. ಒಮ್ಮೆ ಹತ್ತಿರದ್ದು ಅಂತ ಹೋಗಿ, ಅಲ್ಲಿಂದ ಇನ್ನೊಂದಕ್ಕೆ ಅಲೆದು, ಒಂದು ಗಂಟೆ ಹೋಗಿತ್ತು.

ಸಂಜೆ ಹೊತ್ತು ಒಂದು ಆಂಬುಲೆನ್ಸ್ ಹೆದ್ದಾರಿ ಪಕ್ಕ ನಿಲ್ಲಿಸುವ ಪ್ರಯೋಗ ಎರಡು ಸಲ ಸೋತಿತು. ಡ್ರೈವರ್‌ಗಳು ನಿಲ್ಲುತ್ತಿರಲಿಲ್ಲ, ಏನೋ ನೆಪ ಹೇಳಿ ವಾಪಸ್ ಬರುತ್ತಿದ್ದರು. ವಿಚಾರಿಸಿದರೆ ಕಾರಣ ಇಷ್ಟೇ, ಅಲ್ಲಿ ಬಾತ್‌ರೂಮ್ ಇಲ್ಲ, ಟೀ ಇಲ್ಲ. ಪೆಟ್ರೋಲ್ ಬಂಕ್ ಮಾಲೀಕರ ಹತ್ತಿರ ಮಾತಾಡಿ ಒಂದು ಮೂಲೆ ಹಿಡಿದೆ. ಮೂರನೇ ಸಲ ನಿಂತಿತು.

ದುಡ್ಡಿನ ವಿಷಯ. ಶುರುವಿನಲ್ಲಿ ವಂತಿಗೆ ಕೊಡುತ್ತಿದ್ದದ್ದು ಹನ್ನೆರಡೋ ಹದಿಮೂರೋ ಕಾರ್ಖಾನೆ, ತಲಾ ನಾಲ್ಕು ಸಾವಿರ. ಏಳು ಜನರ ಸಂಬಳಕ್ಕೆ ಸಾಲುತ್ತಿರಲಿಲ್ಲ. ಎರಡು ತಿಂಗಳು ಸಂಬಳ ತಡವಾಗಿ ಇಬ್ಬರು ಬಿಟ್ಟು ಹೋದರು. ಪಂದ್ಯದ ನಂತರ ಉಳಿದವರೂ ಸೇರಿ ಈಗ ನಲವತ್ತರ ಹತ್ತಿರ ಇವೆ. ತಿಂಗಳ ಖರ್ಚು ಒಂದೂವರೆ ಲಕ್ಷದ ಆಸುಪಾಸು. ಅದರಲ್ಲಿ ಒಂದು ಲಕ್ಷ ಚಿಲ್ಲರೆ ಸಂಬಳಕ್ಕೇ ಹೋಗುತ್ತೆ. ಗಾಡಿ, ಡೀಸೆಲ್, ಡ್ರೈವರ್ ಆಯಾ ಕಾರ್ಖಾನೆಯವರ ಲೆಕ್ಕ.

ಪುಸ್ತಕವನ್ನು ಕಂಪ್ಯೂಟರ್‌ಗೆ ಹಾಕಿ ಅಂತ ಈಗ ಹೊಸ ಒತ್ತಾಯ ಬಂದಿದೆ. ಒಬ್ಬ ಇಂಜಿನಿಯರಿಂಗ್ ಹುಡುಗ ಅರ್ಧ ಮಾಡಿ ಕೊಟ್ಟಿದ್ದಾನೆ. "ಹೊಸಳ್ಳಿ" ಅಂತ ಟೈಪ್ ಮಾಡಿದರೆ "ಹೊಸಹಳ್ಳಿ" ಸಿಗುತ್ತಿಲ್ಲ, ಅದನ್ನು ಸರಿ ಮಾಡುತ್ತಿದ್ದಾನೆ. ಆಗಲಿ, ನೋಡೋಣ. ನೀವು ಶುರು ಮಾಡುವುದಾದರೆ ಎರಡು ಸೀಟು, ನಾಲ್ಕು ಲೈನ್, ಕರೆ ರೆಕಾರ್ಡ್ ಮಾಡುವ ಪೆಟ್ಟಿಗೆ, ಗಾಡಿಗೊಂದು ಜಿಪಿಎಸ್, ಎಲ್ಲ ಸೇರಿ ಎರಡೂವರೆ ಮೂರು ಲಕ್ಷಕ್ಕೆ ಆಗುತ್ತೆ. ಟಿವಿ ಸಣ್ಣದೇ ತಗೊಳ್ಳಿ, ಯುಪಿಎಸ್ ಮಾತ್ರ ದೊಡ್ಡದು ಹಾಕಿಸಿ. ಗಾಳಿ ಮಳೆಗೆ ಕರೆಂಟ್ ಹೋಗುವುದೂ ಕರೆ ಜಾಸ್ತಿ ಬರುವುದೂ ಒಂದೇ ಹೊತ್ತಿಗೆ.